ಎರಡು ಹೆಜ್ಜೆಗೆ ಒಂದು ಬೆರಳು

ನನ್ನ ಹತ್ತಿರ ಮೂರು ಪ್ರಮಾಣಪತ್ರಗಳೂ ಒಂದು ಲೇಸರ್ ಮಟ್ಟಗೋಲೂ ಇವೆ. ಗೋಡೆಯ ಮೇಲೆ ಹಸಿರು ಗೆರೆ ಎಳೆದು ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿದುಕೊಡುವ ಯಂತ್ರ ಅದು. ಎರಡು ತಿಂಗಳ ಉಳಿತಾಯ ಸುರಿದು ಕೊಂಡದ್ದು. ಇಸಾಲ್ಮಿ ಎಂಬ ಈ ಊರಿನ ಪೈಪು ಕಂಪನಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ ಅದನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಟ್ಟಾಗ, ಅಲ್ಲಿನ ಹಿರಿಯ ಕೆಲಸಗಾರ್ತಿ ರೌನಿ ಪಾರ್ವಿಯೈನೆನ್ ಕಾಫಿ ಲೋಟ ಕೆಳಗಿಡದೆಯೇ ಒಮ್ಮೆ ನೋಡಿ, "ಚೆನ್ನಾಗಿದೆ. ಬೆಕ್ಕಿನ ಜೊತೆ ಆಡಕ್ಕೆ ಒಳ್ಳೇದು" ಅಂದಿದ್ದಳು.

ನನ್ನ ಹೆಸರು ಏಲಿಸ್. ಊರು ದಕ್ಷಿಣದ ಎಸ್ಪೋ. ಇಲ್ಲಿಗೆ ಬಂದದ್ದು ಒಬ್ಬ ಹುಡುಗಿಯ ಹಿಂದೆ. ಆಕೆ ನಾಲ್ಕು ತಿಂಗಳಲ್ಲಿ ನನ್ನನ್ನು ಬಿಟ್ಟಳು, ನಾನು ಊರನ್ನು ಬಿಡಲಿಲ್ಲ, ಯಾಕೆಂದರೆ ಬಾಡಿಗೆ ಕಡಿಮೆ. ನನ್ನ ವಿಷಯ ಇಷ್ಟು ಸಾಕು. ಬರೆಯಹೊರಟದ್ದು ರೌನಿಯ ಬಗ್ಗೆ. ನನ್ನ ಪೆದ್ದತನವನ್ನು ಹೇಳದೆ ಅವಳ ಜಾಣತನವನ್ನು ಹೇಳಲು ಬರುವುದಿಲ್ಲ, ಅದೇ ತೊಂದರೆ.

ರೌನಿಗೆ ಈಗ ಅರವತ್ತರ ಹತ್ತಿರ. ಹುಟ್ಟಿದ್ದು ಸೋಂಕಾಯಾರ್ವಿಯ ಕಡೆ, ಹನ್ನೆರಡು ಹಸುಗಳ ಮನೆಯಲ್ಲಿ. ಹದಿನೇಳನೇ ವಯಸ್ಸಿಗೆ ಪೈಪು ಕೆಲಸ ಕಲಿಯುವ ಶಾಲೆ ಸೇರಿದಾಗ ತರಗತಿಯಲ್ಲಿ ಅವಳೊಬ್ಬಳೇ ಹೆಣ್ಣು. ಆ ಕಟ್ಟಡದಲ್ಲಿ ಹೆಂಗಸರ ಶೌಚಾಲಯವೇ ಇರಲಿಲ್ಲವಂತೆ. ಪಕ್ಕದ ಅಡುಗೆ ಶಾಲೆಗೆ ಹೋಗಬೇಕಿತ್ತು. ಹೋದವಳು ಬರುವಾಗ ಏಲಕ್ಕಿ ಬನ್ನು ಹಿಡಿದುಕೊಂಡೇ ಬರುತ್ತಿದ್ದಳು. ಎರಡನೇ ತಿಂಗಳಿಗೆ ಹುಡುಗರೆಲ್ಲ ದಿನಕ್ಕೆ ಎಷ್ಟು ಸಲ ಹೋಗುತ್ತೀಯ ಎಂದು ಆಸೆಯಿಂದ ಕೇಳುವಂತಾಯಿತು. "ಆ ಕ್ಲಾಸಲ್ಲಿ ನನ್ನ ಮರ್ಯಾದೆ ಉಳಿಸಿದ್ದು ಪೈಪಲ್ಲ, ಬನ್ನು" ಎಂದು ಈಗಲೂ ಹೇಳುತ್ತಾಳೆ.

ಬೇಸಿಗೆಯಲ್ಲಿ ಹುಡುಗಿಯರ ಚೆಂಡು-ದಾಂಡಿನ ಪಂದ್ಯಗಳಿಗೆ ತೀರ್ಪುಗಾರ್ತಿ. ಮೈದಾನದ ಆಚೆ ತುದಿಗೆ ಕೇಳುವ ದನಿ ಅವಳದು. ಕೆಲಸದ ಜಾಗದಲ್ಲಿ ಮಾತ್ರ ಆ ದನಿಯನ್ನು ಎತ್ತುವುದಿಲ್ಲ. ಸ್ವಂತ ವಾಸ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ. ಅಲ್ಲಿ ಕೋಣೆ ಬೆಚ್ಚಗಿಡುವ ಬಿಸಿನೀರು ಇಡೀ ಊರಿಗೆ ಒಂದೇ ಆದ ದೊಡ್ಡ ಬಾಯ್ಲರಿನಿಂದ ಪೈಪಿನಲ್ಲಿ ಬರುತ್ತದೆ. ಗುಂಡಿ ಕೂಡ ತಿರುಗಿಸುವಂತಿಲ್ಲ. ನಿಮಗೆ ಬೇಸರವಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ, ಹಲ್ಲಿನ ಡಾಕ್ಟರು ಮನೆಗೆ ಹೋಗಿ ಹಲ್ಲು ಕೀಳುತ್ತಾನೆಯೇ ಎಂದಳು.

ಪಂಪಿಲ್ಲದೆ ಓಡುವ ಬಿಸಿನೀರಿನಿಂದಲೇ ಕೋಣೆಗಳು ಬೆಚ್ಚಗಾಗುವ ಹಳೇ ಮನೆಗಳನ್ನು ಬಲ್ಲವರು ನಮ್ಮ ಕಂಪನಿಯಲ್ಲಿ ಅವಳೊಬ್ಬಳೇ. ಎಪ್ಪತ್ತು ವರ್ಷದ ಹಿಂದೆ ಯುದ್ಧ ಮುಗಿಸಿ ಬಂದವರು ಕಟ್ಟಿಕೊಂಡ ಚೌಕಾಕಾರದ ಮರದ ಮನೆಗಳು ಅವು. ನೆಲಮಾಳಿಗೆಯಲ್ಲಿ ಸೌದೆ ಉರಿಯುವ ಬಾಯ್ಲರು, ಅಟ್ಟದಲ್ಲಿ ಒಂದು ತೆರೆದ ತೊಟ್ಟಿ, ಮಧ್ಯೆ ತೋಳು ದಪ್ಪದ ಕಬ್ಬಿಣದ ಪೈಪುಗಳು, ಕೋಣೆಗೊಂದು ಬಿಸಿ ಬಿಡುವ ರೇಡಿಯೇಟರು. ಬಿಸಿಯಾದ ನೀರು ಹಗುರಾಗಿ ತಾನಾಗಿ ಮೇಲೇಳುತ್ತದೆ, ತಣಿದದ್ದು ಭಾರವಾಗಿ ತಾನಾಗಿ ಕೆಳಗಿಳಿಯುತ್ತದೆ. ತಳ್ಳುವವರು ಯಾರೂ ಇಲ್ಲ. ಶಾಲೆಯಲ್ಲಿ ಇದರ ಬಗ್ಗೆ ನಮಗೆ ಅರ್ಧ ಪುಟದ ಪಾಠವಿತ್ತು. ಅವತ್ತು ನಾನು ರಜೆ ಹಾಕಿದ್ದೆ.

ಅಕ್ಟೋಬರಿನಲ್ಲಿ ಊಟಿ ಹುವೊವಿನೆನ್ ಎಂಬಾಕೆಯ ಮನೆಗೆ ನನ್ನನ್ನು ಕಳಿಸಿದರು. ಊಟಿ ಆಸ್ಪತ್ರೆಯಲ್ಲಿ ನರ್ಸು. ಆರು ವರ್ಷದ ಮಗಳು ಹಿಲ್ಪ್ಪಾ ಜೊತೆ ಅಂಥದ್ದೇ ಒಂದು ಹಳೇ ಮನೆಯಲ್ಲಿರುತ್ತಾಳೆ. ನೆಲಮಾಳಿಗೆಯ ಸೂರಿನಡಿ ಹೋಗುವ ದೊಡ್ಡ ಪೈಪಿನ ಕೊನೇ ಐದು ಮೀಟರು ತುಕ್ಕು ಹಿಡಿದು ತೊಟ್ಟಿಕ್ಕುತ್ತಿತ್ತು. ಕೆಲಸಕ್ಕೆಂದು ಹಿಂದಿನ ದಿನವೇ ಉರಿ ಆರಿಸಿ, ನೀರು ಇಳಿಸಿ, ಪೈಪು ತಣಿಯಲು ಬಿಟ್ಟಿದ್ದರು. ಹಳೇ ತುಂಡನ್ನು ಕೊಯ್ದು ತೆಗೆದು ಹೊಸದನ್ನು ಹಾಕಬೇಕು, ಅಷ್ಟೇ. ಲೇಸರು ಹಚ್ಚಿ ನೋಡುತ್ತೇನೆ, ಹಳೇ ಪೈಪು ಬಾಯ್ಲರಿನಿಂದ ದೂರ ಹೋದಷ್ಟೂ ಮೇಲೆ ಏರಿದೆ. ಓರೆಯೋ ಓರೆ. ಇದನ್ನು ಹಾಕಿದವನು ಕುಡಿದಿರಬೇಕು ಎಂದು ಊಟಿಗೆ ಹೇಳಿ ನಾನೇ ನಕ್ಕೆ. ಹೊಸ ತುಂಡನ್ನು ಹಸಿರು ಗೆರೆಗೆ ಸರಿಯಾಗಿ ಮಟ್ಟಸವಾಗಿ ಕೂರಿಸಿ, ಎರಡೂ ತುದಿಗೆ ಹೊಳೆಯುವ ಪಟ್ಟಿ ಬಿಗಿದು, ಕೊನೆಯಲ್ಲಿ ಎತ್ತರ ಸಾಲದ್ದಕ್ಕೆ ಮೂರು ಬೆರಳಿನ ನೆಟ್ಟನೆ ತುಂಡು ಸೇರಿಸಿ ಮೇಲಕ್ಕೆ ಹೋಗುವ ಪೈಪಿಗೆ ಜೋಡಿಸಿದೆ. ಫೋಟೋ ತೆಗೆದು ಕಂಪನಿಯ ಗುಂಪಿಗೆ ಹಾಕಿದೆ. ಯಜಮಾನ ಪೆನ್ನನೆನ್ ಮೆಚ್ಚುಗೆಯ ಹೆಬ್ಬೆರಳು ಒತ್ತಿದ. ರೌನಿ ಆ ವಾರ ಊರಲ್ಲಿರಲಿಲ್ಲ. ಕಡವೆಯಂಥ ಆ ದೊಡ್ಡ ಎಲ್ಕ್ ಬೇಟೆಯ ವಾರ ಅದು, ಅರ್ಧ ಊರೇ ಕಾಡಲ್ಲಿರುತ್ತದೆ. ಅವಳು ಬೇಟೆಯ ತಂಡಕ್ಕೆ ಸಾರು ಮಾಡಿಹಾಕಲು ಹೋಗಿದ್ದಳು.

ನವೆಂಬರು, ಡಿಸೆಂಬರು ಮೆತ್ತಗೆ ಕಳೆದವು. ಜನವರಿಯ ಎರಡನೇ ವಾರ ಸೊನ್ನೆಗಿಂತ ಇಪ್ಪತ್ತೊಂಬತ್ತು ಡಿಗ್ರಿ ಕೆಳಗಿಳಿಯಿತು. ಊಟಿ ದಿನಕ್ಕೆ ಮೂರು ಸಲ ಬರ್ಚ್ ಮರದ ಸೌದೆ ತುಂಬಿದರೂ ಮೇಲಿನ ಮೂಲೆಕೋಣೆ, ಅಂದರೆ ಹಿಲ್ಪ್ಪಾ ಮಲಗುವ ಕೋಣೆ, ಹನ್ನೊಂದು ಡಿಗ್ರಿಯಿಂದ ಮೇಲೇಳಲಿಲ್ಲ. ಅಡುಗೆಮನೆ ಮಾತ್ರ ಬೆವರು ಕಿತ್ತುಬರುವ ಸೌನಾ ಆಗಿತ್ತು. ಮಗು ಅಡುಗೆಮನೆಯ ನೆಲದಲ್ಲಿ ಹಾಸಿಗೆ ಹಾಕಿಕೊಂಡಿತು. ಪೆನ್ನನೆನ್ ಹೋಗಿ ನೋಡಿ, ಎಪ್ಪತ್ತು ವರ್ಷದ ವ್ಯವಸ್ಥೆ, ಆಯಸ್ಸು ಮುಗಿದಿದೆ, ಎಲ್ಲ ಕಿತ್ತು ಕರೆಂಟಿನ ಪಂಪು, ಸಣ್ಣ ಪೈಪು, ಹೊಸ ರೇಡಿಯೇಟರು ಹಾಕೋಣ ಎಂದ. ಅವನು ಮೋಸ ಮಾಡಲಿಲ್ಲ, ನಿಜವಾಗಿಯೂ ಹಾಗೇ ನಂಬಿದ್ದ. ಶುಕ್ರವಾರ ಸಹಿ ಹಾಕುವುದೆಂದು ಮಾತಾಯಿತು.

ಊಟಿಗೆ ಮನಸ್ಸಿರಲಿಲ್ಲ. ಎರಡು ವರ್ಷದ ಹಿಂದೆ ಬಿರುಗಾಳಿಗೆ ಮರಗಳು ಬಿದ್ದು ಇಡೀ ರಸ್ತೆಗೆ ಮೂರು ದಿನ ಕರೆಂಟು ಹೋದಾಗ ಬೆಚ್ಚಗಿದ್ದದ್ದು ಅವಳ ಮನೆ ಒಂದೇ. ಆಚೀಚೆಯ ಹನ್ನೊಂದು ಜನ, ಎರಡು ನಾಯಿ, ಒಂದು ಗಿಳಿ ಬಂದು ಅವಳ ಕೋಣೆಗಳಲ್ಲಿ ಮಲಗಿದ್ದರು. ಊಟಿ ರಾತ್ರಿ ಪಾಳಿಗೆ ಹೋಗುವಾಗ ಮಗುವನ್ನು ನೋಡಿಕೊಳ್ಳುವವರು ಈಗಲೂ ಆ ನೆರೆಯವರೇ. ಹೊಸ ವ್ಯವಸ್ಥೆ ಕರೆಂಟಿಲ್ಲದಿದ್ದರೆ ಸತ್ತಂತೆ ಎಂಬುದು ಅವಳಿಗೆ ಗೊತ್ತು. ಆದರೆ ಹನ್ನೊಂದು ಡಿಗ್ರಿಯ ಕೋಣೆಯಲ್ಲಿ ಮಗುವನ್ನು ಮಲಗಿಸಲಾಗದು ಎಂಬುದೂ ಗೊತ್ತು.

ಬುಧವಾರ ಬೆಳಿಗ್ಗೆ ಹೊಸ ಪೈಪಿಗೆ ಅಳತೆ ತೆಗೆಯಲು ನಮ್ಮಿಬ್ಬರನ್ನು ಕಳಿಸಿದರು. ಬಾಗಿಲಲ್ಲಿ ಬೂಟು ಬಿಚ್ಚಿದೆವು. ರೌನಿ ಅಳತೆಪಟ್ಟಿ ತೆಗೆಯಲೇ ಇಲ್ಲ. ಊಟಿ ಕೊಟ್ಟ ಕಾಫಿ ಕುಡಿದಳು, ಇನ್ನೊಂದು ಲೋಟ ಹಾಕಿಸಿಕೊಂಡಳು, ಎಷ್ಟು ಸೌದೆ, ಯಾರ ಕಾಡಿನದು, ಎಷ್ಟು ವರ್ಷ ಒಣಗಿದ್ದು, ಮೊದಲು ಯಾವ ಕೋಣೆ ತಣ್ಣಗಾದದ್ದು ಎಂದೆಲ್ಲ ಕೇಳಿದಳು. ಆಮೇಲೆ ಉಣ್ಣೆಯ ಕಾಲುಚೀಲದಲ್ಲಿ ಮನೆಯೆಲ್ಲ ಸುತ್ತತೊಡಗಿದಳು. ಪ್ರತಿ ಪೈಪಿಗೂ ಅಂಗೈ ಅಲ್ಲ, ಕೈಯ ಹಿಂಬದಿ ಒತ್ತುವಳು. ಅಂಗೈಗೆ ದಪ್ಪ ಚರ್ಮ, ಅದು ಸುಳ್ಳು ಹೇಳುತ್ತದಂತೆ. ಒತ್ತಿದ ಮೇಲೆ ಬಣ್ಣ ಬಳಿಯುವವರ ಕಾಗದದ ಟೇಪು ಒಂದು ತುಂಡು ಹರಿದು ಅಂಟಿಸಿ ಪೆನ್ಸಿಲಿನಲ್ಲಿ ಬರೆಯುವಳು.

ನಾನು ಡಿಗ್ರಿ ಬರೆಯುತ್ತಾಳೆಂದು ಬಗ್ಗಿ ನೋಡಿದೆ. ಅಡುಗೆಮನೆಯ ಪೈಪಿನ ಮೇಲೆ "ಹಸಿದವನ ಗಂಜಿ" ಎಂದಿತ್ತು, ಅಂದರೆ ಬಾಯಿ ಸುಡುವಷ್ಟು. ನಡುಕೋಣೆಯದಕ್ಕೆ "ಈಗಷ್ಟೇ ಕರೆದ ಹಾಲು". ಮೆಟ್ಟಿಲ ಬದಿಯದಕ್ಕೆ "ಮರೆತ ಕಾಫಿ". ಮೇಲಿನ ಮೂಲೆಕೋಣೆಯದಕ್ಕೆ "ಪಾದ್ರಿಯ ಕೈ".

"ಪಾದ್ರಿಗಳ ಕೈ ಅಷ್ಟು ತಣ್ಣಗಿರುತ್ತಾ?" ಎಂದೆ.

"ನಿನಗೆ ಚರ್ಚಲ್ಲಿ ಯಾರೂ ಕೈ ಕುಲುಕಿಲ್ಲ ಅಂತ ಕಾಣತ್ತೆ" ಅಂದಳು. "ಇದಕ್ಕಿಂತ ತಣ್ಣಗಿರೋದು ನಮ್ಮ ಯಜಮಾನನ ಸಂಬಳದ ಮಾತು ಒಂದೇ."

ಹಿಲ್ಪ್ಪಾ ಹಿಂದೆಯೇ ಬಂದು ತನ್ನ ಕೋಣೆಯಲ್ಲಿ ಬಾಯಿಂದ ಹಬೆ ಬಿಟ್ಟು ತಾನು ಡ್ರ್ಯಾಗನ್ ಎಂದು ತೋರಿಸಿತು. ರೌನಿ ಗಂಭೀರವಾಗಿ ಆ ಹಬೆಗೂ ಕೈಯ ಹಿಂಬದಿ ಹಿಡಿದು, ಚಿಕ್ಕ ಡ್ರ್ಯಾಗನ್, ಇನ್ನೂ ಸ್ವಲ್ಪ ಸೌದೆ ಬೇಕು ಎಂದಳು.

ನನಗೆ ಹೊಳೆದದ್ದು ಮೆಟ್ಟಿಲ ಮೇಲೆ. ಬೆಚ್ಚಗಿರುವುದೆಲ್ಲ ಬಾಯ್ಲರಿನ ಕಡೆಯದು. ತಣ್ಣಗಿರುವುದೆಲ್ಲ ನಾನು ಹಾಕಿದ ಐದು ಮೀಟರಿನಾಚೆಯದು. ಆಗಲೇ ಹೇಳಿಬಿಡಬೇಕಿತ್ತು. ಆದರೆ ನನ್ನ ಕೆಲಸ ಖಾಯಂ ಆಗಲು ಇನ್ನೂ ಎರಡು ವಾರ ಉಳಿದಿತ್ತು. ಹಾಗಾಗಿ ಧೀರನಂತೆ ಟಾರ್ಚು ಹಿಡಿದುಕೊಂಡು ಅವಳ ಹಿಂದೆ ನೆಲಮಾಳಿಗೆಗೆ ಇಳಿದೆ.

ಅಲ್ಲಿ ಅವಳು ನನ್ನ ಹೊಳೆಯುವ ಪೈಪನ್ನು ಬಹಳ ಹೊತ್ತು ನೋಡಿದಳು. ಬಾಯ್ಲರಿನ ಕಡೆ ಮುಟ್ಟಿದಳು, ನಡುವೆ ಮುಟ್ಟಿದಳು, ಆಚೆ ತುದಿ ಮುಟ್ಟಿದಳು. ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದಳು. ಮಧ್ಯೆ ಒಂದು ಕಡೆ ಸದ್ದು ಬೇರೆಯಾಯಿತು, ತುಂಬಿದ ಕೊಡ ತಟ್ಟುತ್ತಿದ್ದವರು ಅರೆಗೊಡಕ್ಕೆ ತಟ್ಟಿದ ಹಾಗೆ. ಊಟಿಯನ್ನು ಕರೆದು ಬ್ಲೂಬೆರಿ ಹಣ್ಣಿನ ರಸ ಇದೆಯೇ ಎಂದು ಕೇಳಿದಳು. ಈ ಕಡೆ ಯಾರ ಮನೆಯಲ್ಲಿ ಇರುವುದಿಲ್ಲ? ಚೀಲದಿಂದ ಬೆರಳು ದಪ್ಪದ ಪಾರದರ್ಶಕ ಕೊಳವೆಯ ಸುರುಳಿ ತೆಗೆದು, ನೀರಿಗೆ ಆ ರಸ ಬೆರೆಸಿ ತುಂಬಿದಳು. ಕೊಳವೆಯ ಒಂದು ತುದಿಯನ್ನು ಪೈಪಿನ ಒಂದು ಕಡೆ ನನ್ನ ಕೈಯಲ್ಲಿ ಹಿಡಿಸಿದಳು, ಇನ್ನೊಂದು ತುದಿಯನ್ನು ಪೈಪಿನುದ್ದಕ್ಕೂ ತಾನು ಒಯ್ದಳು. ಗಾರೆಯವರು ಗೋಡೆಯ ಮಟ್ಟ ನೋಡುವ ಹಾಗೆಯೇ. ನೇರಳೆ ನೀರು ಎರಡೂ ತುದಿಯಲ್ಲಿ ಒಂದೇ ಎತ್ತರಕ್ಕೆ ನಿಂತಿತು.

"ಎರಡು ತುದಿ ಒಂದೇ ಮಟ್ಟ. ಈ ಮನೇಲಿ ಇಷ್ಟು ನೆಟ್ಟಗಿರೋದು ಇನ್ನೇನೂ ಇಲ್ಲ" ಅಂದಳು. ಆಮೇಲೆ ಮಧ್ಯದಲ್ಲಿ ಹಿಡಿದಳು. ಅಲ್ಲಿ ಪೈಪು ನೀರಿನ ಗೆರೆಗಿಂತ ಒಂದು ಬೆರಳು ಮೇಲಿತ್ತು. ಅಕ್ಟೋಬರಿನಲ್ಲಿ ತಣ್ಣಗಿದ್ದಾಗ ಬಿಗಿದ ಕಬ್ಬಿಣ, ಉರಿ ಹಾಕಿದ ಮೇಲೆ ಉದ್ದವಾಗಿದೆ. ಎರಡೂ ತುದಿ ಬಿಗಿದಿದ್ದರಿಂದ ಬೇರೆ ದಾರಿಯಿಲ್ಲದೆ ಬಿಲ್ಲಿನಂತೆ ಮೇಲಕ್ಕೆ ಉಬ್ಬಿದೆ. ನೀರಿನಿಂದ ಬಿಡಿಸಿಕೊಂಡ ಗಾಳಿ ಯಾವಾಗಲೂ ಎತ್ತರದ ಜಾಗ ಹುಡುಕುತ್ತದೆ. ಮೊದಲಾಗಿದ್ದರೆ ಪೈಪಿನ ಏರು ಹಿಡಿದು ಅಟ್ಟದ ತೊಟ್ಟಿಗೆ ಹೋಗಿ ಹೊರಬೀಳುತ್ತಿತ್ತು. ಈಗ ಅದಕ್ಕೆ ಸಿಕ್ಕಿದ ಎತ್ತರ ಈ ಗೂನು ಬೆನ್ನು. ಅಲ್ಲೇ ಕುಳಿತು ದಾರಿ ಕಟ್ಟಿಬಿಟ್ಟಿದೆ.

"ಪಂಪು ಇದ್ದಿದ್ರೆ ಒದ್ದು ಆಚೆ ಹಾಕ್ತಿತ್ತು" ಅಂದಳು ರೌನಿ. "ಇಲ್ಲಿ ಒದೆಯೋರಿಲ್ಲ. ಇಲ್ಲಿ ನೀರು ನಡೆಯೋದು ಸುಮ್ನೆ ಬಿಸಿ-ತಣ್ಣಗೆ ವ್ಯತ್ಯಾಸದ ಮೇಲೆ. ಅದರ ಬಲ ಎಷ್ಟು ಗೊತ್ತಾ? ಮಲಗಿರೋ ಮಗು ಉಸಿರಾಡ್ದಂಗೆ. ಅದರ ದಾರೀಲಿ ಒಂದು ಗುಳ್ಳೆ ಸಿಕ್ರೂ ನಿಂತ್ಕೊಂಡ್ಬಿಡತ್ತೆ. ಹಂಗಾಗೇ ಮೊದಲು ಹಾಕಿದೋನು ಎರಡು ಹೆಜ್ಜೆಗೆ ಒಂದು ಬೆರಳು ಏರಿಸ್ಕೊಂಡು ಹೋಗಿದ್ದ. ಕುಡಿದಿರಲಿಲ್ಲ ಪಾಪ."

ಆ ಕೊನೇ ಮಾತಿಗೆ ಊಟಿ ನನ್ನತ್ತ ತಿರುಗಿದಳು. ಕುಡಿದಿದ್ದ ಎಂದವನು ನಾನೇ ಎಂಬುದು ಅವಳಿಗೆ ನೆನಪಾಗುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ಆದರೂ ಬಾಯಿಬಿಟ್ಟು ಕೇಳಿದಳು, "ಹಂಗಾದ್ರೆ ಇದನ್ನ ಮಟ್ಟಸ ಮಾಡಿದ್ದು ಯಾರು?"

ಕೊಳವೆಯ ತುದಿ ನನ್ನ ಕೈಯಲ್ಲೇ ಇತ್ತು. ಕಬ್ಬಿಣ ಸರಿಯಿಲ್ಲ ಎನ್ನಬಹುದಿತ್ತು. ಮನೆ ಕುಸಿದಿದೆ ಎನ್ನಬಹುದಿತ್ತು, ಎಪ್ಪತ್ತು ವರ್ಷದ ಮನೆ ಕುಸಿದರೆ ಯಾರು ಕೇಳುತ್ತಾರೆ? ರೌನಿ ನನ್ನ ಕಡೆ ನೋಡದೆ ತನ್ನ ತುದಿಯಲ್ಲಿ ನೀರನ್ನೇ ನೋಡುತ್ತಿದ್ದಳು.

"ನಾನು" ಎಂದೆ. "ನಿಮ್ಮ ಪೈಪು ಸರಿಯಾಗೇ ಇತ್ತು. ನಾನು ಕೆಡಿಸಿದೆ. ಮೆಟ್ಟಿಲ ಹತ್ರಾನೇ ಗೊತ್ತಾಯ್ತು, ಹೇಳಕ್ಕೆ ಬಾಯಿ ಬರಲಿಲ್ಲ."

ಊಟಿ ನನ್ನ ಕೈಯಿಂದ ಕೊಳವೆಯ ತುದಿ ತೆಗೆದು ಗೋಡೆಯ ಮೊಳೆಗೆ ಸಿಕ್ಕಿಸಿದಳು. ನರ್ಸು ರೋಗಿಯ ಬಾಯಿಂದ ಥರ್ಮಾಮೀಟರು ತೆಗೆದ ಹಾಗೆ, ಬೈದಿದ್ದರೆ ವಾಸಿಯಾಗಿತ್ತು.

ಆಗ ರೌನಿ ಕೊಳವೆ ಕೆಳಗಿಟ್ಟಳು. "ಇವನು ಅವತ್ತೇ ಫೋಟೋ ಹಾಕಿದ್ದ" ಅಂದಳು. "ನಾನು ಕಾಡಲ್ಲಿ ಸಾರಿನ ಹಂಡೆ ಪಕ್ಕ ಕೂತಿದ್ದೆ. ಕನ್ನಡಕ ಜೇಬಲ್ಲಿತ್ತು. ತೆಗೆಯಕ್ಕೆ ಸೋಮಾರಿತನ. ಹೊಳೀತಾ ಇದೆ, ಚೆನ್ನಾಗಿರಬೇಕು ಅಂತ ನಾನೂ ಹೆಬ್ಬೆರಳು ಒತ್ತಿದೆ. ನಲವತ್ತು ವರ್ಷ ಈ ಕೆಲಸ ಮಾಡಿದೋಳು ನಾನು, ಇವನಲ್ಲ. ಬೈಯೋದಾದ್ರೆ ಇಬ್ಬರಿಗೂ ಸರಿಯಾಗಿ ಹಂಚಿ ಬೈರಿ."

ನಾನು ಆ ಮಾತನ್ನು ನಿರೀಕ್ಷಿಸಿರಲಿಲ್ಲ. ನನ್ನನ್ನು ಉಳಿಸು ಎಂದು ಅವಳನ್ನು ಯಾರೂ ಕೇಳಿರಲಿಲ್ಲ, ಆ ಹೆಬ್ಬೆರಳನ್ನು ಯಾರೂ ಹುಡುಕುತ್ತಲೂ ಇರಲಿಲ್ಲ. ಸುಮ್ಮನಿದ್ದಿದ್ದರೆ ಎಲ್ಲ ಜಾಣತನವೂ ಅವಳದೇ, ಎಲ್ಲ ಪೆದ್ದತನವೂ ನನ್ನದೇ ಆಗುತ್ತಿತ್ತು. ಪೈಪಿನ ವಿಷಯದಲ್ಲಿ ಅವಳನ್ನು ಮೆಚ್ಚುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಅವಳನ್ನು ಮೆಚ್ಚತೊಡಗಿದ್ದು ಆ ಹೆಬ್ಬೆರಳಿನಿಂದ.

ಊಟಿ ಕೇಳಿದ್ದು ಒಂದೇ ಪ್ರಶ್ನೆ, ಸರಿ ಮಾಡಲು ಆಗುತ್ತದೆಯೇ. ಆಗುತ್ತದೆ ಎಂದಳು ರೌನಿ, ಆದರೆ ಉರಿ ಆರಿಸಬೇಕು, ನೀರು ಇಳಿಸಬೇಕು, ಇಂಥ ಚಳಿಯಲ್ಲಿ ಮನೆ ನಾಲ್ಕು ತಾಸು ಬರಿಮೈಯಲ್ಲಿರಬೇಕು. ಆಚೆ ಈಚೆ ಆದರೆ ಅಟ್ಟದ ಪೈಪಿನಲ್ಲಿ ಉಳಿದ ನೀರು ಹೆಪ್ಪುಗಟ್ಟಿ ಒಡೆಯಬಹುದು, ಆಗ ಶುಕ್ರವಾರದ ಕಾಗದವೇ ಗತಿ. ಸುಳ್ಳು ಧೈರ್ಯ ಹೇಳಲಿಲ್ಲ. ಊಟಿ ನನ್ನ ಮುಖ ನೋಡಿದಳು, ರೌನಿಯ ಕೈ ನೋಡಿದಳು, ಮಗುವಿಗೆ ಎರಡು ಸ್ವೆಟರು ಹಾಕಿ ಪಕ್ಕದ ಮನೆಗೆ ಕಳಿಸಿ ಬಂದಳು. "ಆರಿಸಿ" ಅಂದಳು.

ಹತ್ತೂವರೆಗೆ ಶುರು. ಊಟಿ ಅಟ್ಟ ಹತ್ತಿ ತೊಟ್ಟಿಗೂ ಪೈಪಿಗೂ ಮನೆಯ ಹಳೇ ಕಂಬಳಿಗಳನ್ನೆಲ್ಲ ಸುತ್ತಿದಳು. ಕೊನೆಯಲ್ಲಿ ನಾನು ಸೇರಿಸಿದ್ದ ಆ ಮೂರು ಬೆರಳಿನ ನೆಟ್ಟನೆ ತುಂಡನ್ನು ಕೊಯ್ದು ತೆಗೆದು, ಪೈಪಿನ ಆಚೆ ತುದಿಯನ್ನು ಅಷ್ಟೇ ಮೇಲೆತ್ತಿ ಜೋಡಿಸಿದರೆ ಹಳೇ ಏರು ಸಿಗುತ್ತದೆ ಎಂಬುದು ರೌನಿಯ ಲೆಕ್ಕ. ಕೊಯ್ಯುವ ಕೆಲಸ ನನಗೇ ಕೊಟ್ಟಳು. ನನ್ನ ಬಿಗಿ ಪಟ್ಟಿಗಳನ್ನು ತೆಗೆದು, ಪೈಪು ಬಿಸಿಯಾದಾಗ ಉದ್ದಕ್ಕೆ ಜಾರುವಂಥ ಸಡಿಲ ಕುಣಿಕೆಗಳನ್ನು ತಾನು ಕಟ್ಟಿದಳು. ಪ್ರತಿ ಕುಣಿಕೆ ಹಾಕುವ ಮೊದಲು ಎರಡು ಹೆಜ್ಜೆ ನಡೆದು, ತೋರುಬೆರಳನ್ನು ಅಡ್ಡ ಹಿಡಿದು ನೋಡುವಳು. ನನ್ನ ಲೇಸರು ಗಾಡಿಯಲ್ಲೇ ಇತ್ತು. ನಾನೂ ಕೇಳಲಿಲ್ಲ, ಅವಳೂ ಹಂಗಿಸಲಿಲ್ಲ. ಹಂಗಿಸಬೇಕಾದಾಗ ಹಂಗಿಸದಿರುವುದು ಹಂಗಿಸುವುದಕ್ಕಿಂತ ಕೆಟ್ಟದ್ದು.

ಎರಡೂವರೆಗೆ ಜೋಡಣೆ ಮುಗಿಯಿತು. ಹೊರಗೆ ಆಗಲೇ ಬೆಳಕು ಬಾಡುತ್ತಿತ್ತು. ಅಡುಗೆಮನೆಯೂ ಹದಿನಾಲ್ಕು ಡಿಗ್ರಿಗೆ ಇಳಿದಿತ್ತು. ನಲ್ಲಿ ಜೋರಾಗಿ ತಿರುಗಿಸಲು ಹೋದ ನನ್ನ ಕೈಯನ್ನು ರೌನಿ ಹಿಡಿದಳು. ಕೆಳಗಿನಿಂದ, ಸಣ್ಣಗೆ ತುಂಬಬೇಕು, ಗಾಳಿಗೆ ಮುಂದೆ ಮುಂದೆ ಹೋಗಲು ಹೊತ್ತು ಕೊಡಬೇಕು. ನಾವಿಬ್ಬರೂ ಬಕೆಟ್ಟು ಬೋರಲು ಹಾಕಿ ಕುಳಿತೆವು. ಊಟಿ ಮೆಟ್ಟಿಲ ಮೇಲೆ ಕೋಟು ಹಾಕಿಕೊಂಡೇ ಕುಳಿತಳು. ಬಹಳ ಹೊತ್ತು ಏನೂ ಇಲ್ಲ. ಹೆಪ್ಪುಗಟ್ಟಿ ಸೀಳಿದ ಪೈಪು, ನೀರು ಸೋರುವ ಅಟ್ಟ, ಯಜಮಾನನ ಮುಖ ಎಲ್ಲವನ್ನೂ ನಾನು ಮನಸ್ಸಿನಲ್ಲೇ ಸಾಲಾಗಿ ನೋಡಿಬಿಟ್ಟೆ. ಆಮೇಲೆ ನನ್ನ ತಲೆಯ ಮೇಲಿನ ಪೈಪಿನೊಳಗೆ ಗುಳುಗುಳು ಎಂದಿತು. ಆ ಸದ್ದು ಏರಿನುದ್ದಕ್ಕೂ ನಡೆದು ಹೋಯಿತು, ಗೋಡೆಯೊಳಗೆ ಹತ್ತಿತು, ಮೇಲಿನ ಕೋಣೆ ದಾಟಿತು. ಕೊನೆಗೆ ಎಲ್ಲೋ ಅಟ್ಟದಲ್ಲಿ ಮುದುಕನೊಬ್ಬ ಊಟ ಮುಗಿಸಿ ತೇಗಿದಂತೆ ಕೇಳಿತು.

"ಹೋಯ್ತು ಮಹಾರಾಯ" ಅಂದಳು ರೌನಿ. ನನಗೆ ಹೇಳಿದಳೋ ಗಾಳಿಗೆ ಹೇಳಿದಳೋ ಗೊತ್ತಾಗಲಿಲ್ಲ.

ಉರಿ ಹಾಕಿದ್ದು ಊಟಿಯೇ. ಅದು ಮನೆಯವರ ಕೆಲಸ, ನಾವು ಮುಟ್ಟುವುದಿಲ್ಲ ಎಂದು ರೌನಿ ದೂರ ನಿಂತಳು. ಐದು ಗಂಟೆಗೆ ಮೂಲೆಕೋಣೆಯ ರೇಡಿಯೇಟರಿನ ಮೇಲ್ತುದಿ ಮುಟ್ಟಿದರೆ ಬಿಸಿ ಬಂದಿತ್ತು. ಕೆಳತುದಿ ಇನ್ನೂ ತಣ್ಣಗೆ. ಅದೇ ಸರಿಯಂತೆ, ನೀರು ನಡೆಯುತ್ತಿರುವುದಕ್ಕೆ ಸಾಕ್ಷಿ. ಊಟಿ ತಾನೂ ಕೈಯ ಹಿಂಬದಿಯಿಂದಲೇ ಮುಟ್ಟಿ ನೋಡಿ, ನಮ್ಮತ್ತ ತಿರುಗದೆ ಕಿಟಕಿ ಕಡೆ ನಿಂತುಕೊಂಡಳು. ನಾವು ಸದ್ದು ಮಾಡದೆ ಕೆಳಗಿಳಿದು ಬೂಟು ಹಾಕಿಕೊಂಡೆವು.

ಗಾಡಿಯಲ್ಲಿ ನಾನು, ಯಜಮಾನನಿಗೆ ನಾಳೆ ಬೆಳಿಗ್ಗೆ ನಾನೇ ಹೇಳುತ್ತೇನೆ ಎಂದೆ. ಹೇಳು ಎಂದಳು. ಹೇಳಿದೆ. ಪೆನ್ನನೆನ್ ಕೇಳಿಸಿಕೊಂಡು, ಹೆಬ್ಬೆರಳು ತಾನೂ ಒತ್ತಿದ್ದು ನೆನಪಾಗಿ ಕೆಮ್ಮಿದ. ದೊಡ್ಡ ಕೆಲಸ ಕೈತಪ್ಪಿದ್ದಕ್ಕೆ ಬೇಸರ, ಅಡಗಿಸಲಿಲ್ಲ. ನನ್ನನ್ನು ತೆಗೆಯಲಿಲ್ಲ. ಚಳಿಗಾಲ ಮುಗಿಯುವವರೆಗೆ ರೌನಿಯ ಜೊತೆಗೇ ಇರತಕ್ಕದ್ದು, ಒಬ್ಬನೇ ಯಾವ ಮನೆಗೂ ಹೋಗತಕ್ಕದ್ದಲ್ಲ ಎಂದ. ಶಿಕ್ಷೆ ಎಂದುಕೊಂಡೇ ಹೇಳಿದ, ಪಾಪ.

ಶುಕ್ರವಾರ ಅವನು ಊಟಿಗೆ ಫೋನು ಮಾಡುವಾಗ ನಾವಿಬ್ಬರೂ ಅಲ್ಲೇ ಇದ್ದೆವು. ಆದರೂ ಒಮ್ಮೆ ಯೋಚಿಸಿ, ಇನ್ನು ಐದು ವರ್ಷಕ್ಕೆ ಬೇಕೇ ಬೇಕಾಗುತ್ತದೆ ಎಂದು ಅವನು ಹೇಳಿದ್ದಕ್ಕೆ ಊಟಿ ಏನೆಂದಳೋ, ಅವನು ಬಹಳ ಹೊತ್ತು ಹೂಂ ಹೂಂ ಎನ್ನುತ್ತಿದ್ದ. ಫೋನಿಟ್ಟು ನಮ್ಮತ್ತ ತಿರುಗಿದ.

"ಮೂಲೆಕೋಣೆ ಇಪ್ಪತ್ತೊಂದು ಡಿಗ್ರಿ ಇದೆಯಂತೆ. ಮಗು ರಾತ್ರಿ ಹೊದಿಕೆ ಒದ್ದು ಮಲಗಿತ್ತಂತೆ. ಸಹಿ ಹಾಕೋದು ಅಸಾಧ್ಯ ಅಂತೇನೂ ಅಲ್ಲ, ಆದರೆ ಹಾಕ್ತಾಳೆ ಅಂತ ತನಗೇ ಅನ್ನಿಸ್ತಿಲ್ವಂತೆ" ಎಂದ. "ಇದರರ್ಥ ಏನು ರೌನಿ?"

ಇಸಾಲ್ಮಿ ಇರುವ ಈ ಸಾವೊ ಸೀಮೆಯ ಜನ ಇಲ್ಲ ಎನ್ನುವುದು ಹಾಗೆಯೇ. ಅದು ಗೊತ್ತಿಲ್ಲದವನೇನಲ್ಲ ಪೆನ್ನನೆನ್, ಇಲ್ಲೇ ಹುಟ್ಟಿದವನು.

"ಸೋಮವಾರದ ಹೊತ್ತಿಗೆ ಅರ್ಥ ಆಗತ್ತೆ ಬಿಡಿ" ಎಂದು ರೌನಿ ಗಾಡಿಯ ಕೀಲಿಕೈ ತೆಗೆದುಕೊಂಡಳು.